ಕಂಪ್ಯೂಟರ್ ವಿಡಿಯೋದಿಂದ ಮನೆಯ ಡಿವಿಡಿ: ವರ್ತಕರು ತಿಳಿದಿರಬೇಕಾದ ಅಂಶಗಳು

ಮದುವೆಯೊಂದರ ಚಿತ್ರೀಕರಣ ಮುಗಿದು, ಸಂಕಲನವಾಗಿ, ಡಿವಿಡಿ ಗ್ರಾಹಕರ ಕೈಸೇರಿದ ಮರುದಿನವೇ ಅದು ಅಂಗಡಿಗೆ ಹಿಂತಿರುಗಿ ಬರುವುದುಂಟು. ನಿಮ್ಮ ಕಂಪ್ಯೂಟರಿನಲ್ಲಿ ಓಡುತ್ತದೆ, ನಮ್ಮ ಮನೆಯ ಪ್ಲೇಯರಿನಲ್ಲಿ ಓಡುವುದಿಲ್ಲ ಎಂಬುದು ಗ್ರಾಹಕರ ದೂರು. ಸ್ಟುಡಿಯೋದವರು ಅದೇ ಡಿಸ್ಕನ್ನು ಕಂಪ್ಯೂಟರಿಗೆ ಹಾಕಿ ತೋರಿಸುತ್ತಾರೆ. ಚಿತ್ರ ಸ್ವಚ್ಛವಾಗಿ ಮೂಡುತ್ತದೆ. ಇಬ್ಬರ ಮಾತೂ ನಿಜ. ಆದರೂ ಗ್ರಾಹಕರು ಅಸಮಾಧಾನದಿಂದಲೇ ಹೊರಡುತ್ತಾರೆ, ಅಂಗಡಿಯ ಹೆಸರಿಗೆ ಕುಂದು ಬರುತ್ತದೆ.

ಇಂತಹ ಬಹುಪಾಲು ಪ್ರಸಂಗಗಳಲ್ಲಿ ದೋಷ ಡಿಸ್ಕಿನದೂ ಅಲ್ಲ, ಪ್ಲೇಯರಿನದೂ ಅಲ್ಲ. ಕಂಪ್ಯೂಟರಿನ ವಿಡಿಯೋ ಕಡತವನ್ನು ಹಾಗೆಯೇ ಡಿಸ್ಕಿನ ಮೇಲೆ ನಕಲಿಸಲಾಗಿರುತ್ತದೆ. ಅದನ್ನು ಡಿವಿಡಿಯಾಗಿ ಪರಿವರ್ತಿಸಿರುವುದಿಲ್ಲ. ಈ ಎರಡರ ನಡುವಣ ವ್ಯತ್ಯಾಸವನ್ನು ಅರಿತರೆ ಹಿಂತಿರುಗಿ ಬರುವ ಮಾಲು ತಾನಾಗಿಯೇ ಕಡಿಮೆಯಾಗುತ್ತದೆ.

ಡಿವಿಡಿಯ ವೈಭವದ ಕಾಲ ಕಳೆದಿರುವುದು ಎಲ್ಲರಿಗೂ ತಿಳಿದ ಸಂಗತಿ. ದೇಶದ ಪ್ರಮುಖ ಡಿಸ್ಕ್ ತಯಾರಕ ಸಂಸ್ಥೆಯಾಗಿದ್ದ ಮೋಸರ್ ಬೇರ್ 2018ರಲ್ಲಿ ಸಮಾಪನೆಯ ಹಾದಿ ಹಿಡಿಯಿತು. ಅಮೆರಿಕದ ನೆಟ್‌ಫ್ಲಿಕ್ಸ್ ಸಂಸ್ಥೆ ಅಂಚೆಯ ಮೂಲಕ ಡಿವಿಡಿ ಕಳುಹಿಸುವ ತನ್ನ ಮೊದಲ ವ್ಯವಹಾರವನ್ನು 2023ರ ಸೆಪ್ಟೆಂಬರಿನಲ್ಲಿ ನಿಲ್ಲಿಸಿತು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಹಾಕುವ ಕಂಡಿಯೇ ಅಪರೂಪವಾಗಿದೆ. ಆದರೂ ಟಿವಿಯ ಕೆಳಗೆ ಹಳೆಯ ಪ್ಲೇಯರ್ ಇರುವ ಮನೆಗಳಿವೆ. ಡಿಸ್ಕ್ ಹಾಕಿ ಒಂದು ಗುಂಡಿ ಒತ್ತುವುದಷ್ಟೇ ರೂಢಿಯಾಗಿರುವ ಹಿರಿಯರಿದ್ದಾರೆ. ಮದುವೆಯ ಆಲ್ಬಮ್ಮಿನೊಡನೆ ಡಿಸ್ಕನ್ನೂ ಕೇಳುವ ಕುಟುಂಬಗಳಿವೆ. ಬೇಡಿಕೆ ಕುಗ್ಗಿರುವಾಗ ಉಳಿದ ಕೆಲಸ ಅದನ್ನು ಸರಿಯಾಗಿ ಬಲ್ಲವರ ಬಳಿಗೇ ಬರುತ್ತದೆ.

ಕಡತವೇ ಡಿವಿಡಿಯಲ್ಲ

ಡಿವಿಡಿ ಎಂಬ ಹೆಸರಿನಲ್ಲಿ ಎರಡು ಬೇರೆ ಬೇರೆ ವಸ್ತುಗಳಿವೆ. ಮೊದಲನೆಯದು ದತ್ತಾಂಶ ಡಿಸ್ಕ್. ಇದು ಪೆನ್‌ಡ್ರೈವಿನಂತೆ ಯಾವ ಕಡತವನ್ನಾದರೂ ತುಂಬಿಡುವ ಉಗ್ರಾಣ. ಎರಡನೆಯದು ಡಿವಿಡಿ-ವಿಡಿಯೋ. ಇದಕ್ಕೆ 1996ರಲ್ಲಿ ರೂಪುಗೊಂಡ ಕಟ್ಟುನಿಟ್ಟಾದ ನಿಯಮಾವಳಿಯಿದೆ. ಮನೆಯ ಪ್ಲೇಯರ್ ಖಚಿತವಾಗಿ ಓದಬಲ್ಲದ್ದು ಈ ಎರಡನೆಯದನ್ನು ಮಾತ್ರ.

ಡಿವಿಡಿ-ವಿಡಿಯೋ ಡಿಸ್ಕನ್ನು ಕಂಪ್ಯೂಟರಿನಲ್ಲಿ ತೆರೆದು ನೋಡಿದರೆ ‘ವಿಡಿಯೋ-ಟಿಎಸ್’ ಎಂಬ ಕೋಶ ಕಾಣುತ್ತದೆ. ಅದರೊಳಗೆ ಮೂರು ಬಗೆಯ ಕಡತಗಳಿರುತ್ತವೆ. ವಿಒಬಿ ಕಡತಗಳಲ್ಲಿ ಚಿತ್ರವೂ ಧ್ವನಿಯೂ ಇರುತ್ತವೆ. ಇವು ಒಂದೊಂದೂ ಹೆಚ್ಚೆಂದರೆ 1 ಗಿಗಾಬೈಟಿನ ತುಂಡುಗಳು. ಯಾವ ಅಧ್ಯಾಯ ಎಲ್ಲಿ ಆರಂಭ, ಯಾವ ಗುಂಡಿ ಒತ್ತಿದರೆ ಎಲ್ಲಿಗೆ ಹೋಗಬೇಕು ಎಂಬ ವಿವರವನ್ನು ಐಎಫ್‌ಒ ಕಡತಗಳು ಹೊತ್ತಿರುತ್ತವೆ. ಬಿಯುಪಿ ಎಂಬುವು ಆ ವಿವರದ ಕಾಪು ಪ್ರತಿಗಳು. ಪ್ಲೇಯರ್ ಮೊದಲು ಹುಡುಕುವುದು ಈ ವಿವರವನ್ನು. ಅದು ಸಿಗದಿದ್ದರೆ ಒಳಗೆ ಎಷ್ಟೇ ಸೊಗಸಾದ ಚಿತ್ರವಿದ್ದರೂ ‘ಡಿಸ್ಕ್ ಓದಲಾಗುತ್ತಿಲ್ಲ’ ಎಂಬ ಸೂಚನೆಯೇ ಬರುತ್ತದೆ.

ಹೀಗಾಗಿ ಹಿಂತಿರುಗಿ ಬಂದ ಡಿಸ್ಕನ್ನು ಪರೀಕ್ಷಿಸುವ ಮೊದಲ ಹೆಜ್ಜೆ ಬಹು ಸುಲಭ. ಡಿಸ್ಕನ್ನು ತೆರೆದಾಗ ‘ವಿಡಿಯೋ-ಟಿಎಸ್’ ಕೋಶ ಕಾಣಿಸದೆ ಒಂದೇ ದೊಡ್ಡ ಎಂಪಿ4 ಅಥವಾ ಎವಿಐ ಕಡತ ಕಾಣಿಸಿದರೆ, ಅದು ದತ್ತಾಂಶ ಡಿಸ್ಕ್ ಎಂದು ಕೂಡಲೇ ತೀರ್ಮಾನಿಸಬಹುದು.

ಚೀಲದ ಹೆಸರು, ಒಳಗಿನ ಧಾನ್ಯ

ಎಂಪಿ4, ಎವಿಐ, ಎಂಕೆವಿ ಮೊದಲಾದುವು ಚೀಲದ ಮೇಲಿನ ಹೆಸರುಗಳು. ಚೀಲದೊಳಗಿನ ಧಾನ್ಯ ಬೇರೆ. ಚಿತ್ರವನ್ನು ಯಾವ ವಿಧಾನದಿಂದ ಸಾಂದ್ರಗೊಳಿಸಲಾಗಿದೆ ಎಂಬುದೇ ಆ ಧಾನ್ಯ. ಇಂದಿನ ಫೋನ್ ಮತ್ತು ಕ್ಯಾಮೆರಾಗಳು ಸಾಮಾನ್ಯವಾಗಿ 2003ರಲ್ಲಿ ಬಂದ ಎಚ್.264 ಅಥವಾ 2013ರಲ್ಲಿ ಬಂದ ಎಚ್.265 ವಿಧಾನವನ್ನು ಬಳಸುತ್ತವೆ. ಡಿವಿಡಿ-ವಿಡಿಯೋ ಬಳಸುವುದು ಇವೆರಡಕ್ಕೂ ಹಿಂದಿನ ಎಂಪೆಗ್-2 ವಿಧಾನವನ್ನು. ಹಳೆಯ ಪ್ಲೇಯರಿನ ಚಿಪ್ಪನ್ನು ರೂಪಿಸಿದಾಗ ಎಚ್.264 ಹುಟ್ಟಿಯೇ ಇರಲಿಲ್ಲ. ತನಗಿಂತ ಕಿರಿಯದಾದ ಭಾಷೆಯನ್ನು ಅದು ಓದಲಾರದು.

ಆದುದರಿಂದ ಕಡತದ ಹೆಸರಿನ ಕೊನೆಯಲ್ಲಿರುವ ಎಂಪಿ4 ಎಂಬುದನ್ನು ಅಳಿಸಿ ವಿಒಬಿ ಎಂದು ಬರೆದರೆ ಏನೂ ಪ್ರಯೋಜನವಿಲ್ಲ. ರಾಗಿಯ ಚೀಲಕ್ಕೆ ಅಕ್ಕಿಯ ಚೀಟಿ ಅಂಟಿಸಿದಂತೆ ಆಗುತ್ತದೆ. ಒಳಗಿನ ಚಿತ್ರವನ್ನೇ ಎಂಪೆಗ್-2ಕ್ಕೆ ಮರುರೂಪಿಸಬೇಕು.

ಧ್ವನಿಯ ವಿಷಯದಲ್ಲಿಯೂ ಇದೇ ನಿಯಮ. ಫೋನಿನ ವಿಡಿಯೋಗಳಲ್ಲಿ ಸಾಮಾನ್ಯವಾಗಿ ಇರುವ ಎಎಸಿ ಧ್ವನಿಯಾಗಲಿ, ಹಾಡುಗಳ ಎಂಪಿ3 ಧ್ವನಿಯಾಗಲಿ ಡಿವಿಡಿ-ವಿಡಿಯೋಗೆ ಸಲ್ಲದು. ಡಾಲ್ಬಿ ಎಸಿ-3 ಸುರಕ್ಷಿತ ಆಯ್ಕೆ; ಸೆಕೆಂಡಿಗೆ 192 ಅಥವಾ 224 ಕಿಲೋಬಿಟ್ ಸಾಕು. ಧ್ವನಿಯ ಮಾದರಿ ದರ 48 ಕಿಲೋಹರ್ಟ್ಸ್ ಇರಲೇಬೇಕು. ಸಂಗೀತದ ಸಿಡಿಯಿಂದ ತೆಗೆದ ಧ್ವನಿ 44.1 ಕಿಲೋಹರ್ಟ್ಸ್ ಇರುವುದರಿಂದ ಅದನ್ನೂ ಪರಿವರ್ತಿಸಬೇಕಾಗುತ್ತದೆ. ಚಿತ್ರ ಕಾಣುತ್ತದೆ, ಧ್ವನಿ ಇಲ್ಲ ಎಂಬ ದೂರು ಬಂದರೆ ಮೊದಲು ಇದನ್ನು ಪರಿಶೀಲಿಸುವುದು ಒಳಿತು.

ಪಾಲ್ ಮತ್ತು ಎನ್‌ಟಿಎಸ್‌ಸಿ

ಭಾರತದಲ್ಲಿ ಬಳಕೆಗೆ ಬಂದದ್ದು ಪಾಲ್ ಪದ್ಧತಿ. ಇದರಲ್ಲಿ ಡಿವಿಡಿಯ ಚಿತ್ರದ ಅಳತೆ 720 × 576 ಬಿಂದುಗಳು, ವೇಗ ಸೆಕೆಂಡಿಗೆ 25 ಚಿತ್ರಗಳು. ಅಮೆರಿಕ ಮತ್ತು ಜಪಾನುಗಳಲ್ಲಿ ಎನ್‌ಟಿಎಸ್‌ಸಿ ಪದ್ಧತಿ. ಅಲ್ಲಿ 720 × 480 ಬಿಂದುಗಳು, ಸೆಕೆಂಡಿಗೆ 29.97 ಚಿತ್ರಗಳು.

ಈ ವ್ಯತ್ಯಾಸ ನಮ್ಮ ಸ್ಟುಡಿಯೋಗಳನ್ನು ಎರಡು ಕಡೆ ಕಾಡುತ್ತದೆ. ಮೊದಲನೆಯದು, ಅಮೆರಿಕದಲ್ಲಿರುವ ಬಂಧುಗಳಿಗೆ ಕಳುಹಿಸುವ ಮದುವೆಯ ಡಿವಿಡಿ. ಭಾರತದಲ್ಲಿ ಮಾರಾಟವಾದ ಅನೇಕ ಪ್ಲೇಯರ್‌ಗಳು ಎರಡೂ ಪದ್ಧತಿಗಳನ್ನು ಓದುತ್ತವೆ. ಅಮೆರಿಕದಲ್ಲಿ ಮಾರಾಟವಾದ ಹಲವು ಪ್ಲೇಯರ್‌ಗಳು ಪಾಲ್ ಡಿಸ್ಕನ್ನು ಓದುವುದಿಲ್ಲ. ಇದನ್ನು ‘ರೀಜನ್ ಕೋಡ್’ ಸಮಸ್ಯೆ ಎಂದು ಹಲವರು ತಿಳಿಯುತ್ತಾರೆ. ಅದು ಸರಿಯಲ್ಲ. ರೀಜನ್ ಕೋಡ್ ಎಂಬುದು ಸಿನಿಮಾ ಸಂಸ್ಥೆಗಳು ತಮ್ಮ ಡಿಸ್ಕುಗಳಿಗೆ ಹಾಕುತ್ತಿದ್ದ ಬೀಗ. ಮನೆಯಲ್ಲಿ ಅಥವಾ ಸ್ಟುಡಿಯೋದಲ್ಲಿ ಬರೆದ ಡಿಸ್ಕಿಗೆ ಸಾಮಾನ್ಯವಾಗಿ ಅಂತಹ ಬೀಗವಿರುವುದಿಲ್ಲ. ಬೀಗವಿಲ್ಲದಿದ್ದರೂ ಪದ್ಧತಿ ಬೇರೆಯಾದರೆ ಡಿಸ್ಕ್ ಓಡದು. ಆದುದರಿಂದ ಗ್ರಾಹಕರಿಂದ ಆದೇಶ ಪಡೆಯುವಾಗಲೇ ಡಿಸ್ಕ್ ಯಾವ ದೇಶಕ್ಕೆ ಹೋಗಲಿದೆ ಎಂದು ಕೇಳಿ ಬರೆದುಕೊಳ್ಳಬೇಕು. ಅಮೆರಿಕಕ್ಕೆ ಹೋಗುವ ಪ್ರತಿಯನ್ನು ಎನ್‌ಟಿಎಸ್‌ಸಿಯಲ್ಲಿಯೂ, ಬ್ರಿಟನ್ ಅಥವಾ ಆಸ್ಟ್ರೇಲಿಯಕ್ಕೆ ಹೋಗುವ ಪ್ರತಿಯನ್ನು ಪಾಲ್ ಪದ್ಧತಿಯಲ್ಲಿಯೂ ತಯಾರಿಸಬೇಕು.

ಎರಡನೆಯದು, ಫೋನಿನಲ್ಲಿ ತೆಗೆದ ದೃಶ್ಯಗಳು. ಬಹುತೇಕ ಫೋನ್‌ಗಳು ಸೆಕೆಂಡಿಗೆ 30 ಚಿತ್ರಗಳನ್ನು ತೆಗೆಯುತ್ತವೆ. ಪಾಲ್ ಡಿವಿಡಿಗೆ ಬೇಕಾದದ್ದು 25. ಪರಿವರ್ತನೆಯಲ್ಲಿ ಪ್ರತಿ ಸೆಕೆಂಡಿಗೆ 5 ಚಿತ್ರಗಳನ್ನು ಕೈಬಿಡಬೇಕಾಗುವುದರಿಂದ, ನಡೆಯುವ ಜನರ ಚಲನೆಯಲ್ಲಿ ಸಣ್ಣ ಕುಲುಕು ಕಾಣಿಸುತ್ತದೆ. ಅಲ್ಲದೆ ಫೋನ್‌ಗಳು ಬೆಳಕಿಗೆ ತಕ್ಕಂತೆ ಚಿತ್ರದ ವೇಗವನ್ನು ಏರಿಳಿಸುವುದುಂಟು. ಇಂತಹ ಕಡತವನ್ನು ನೇರವಾಗಿ ಪರಿವರ್ತಿಸಿದರೆ ಬರಬರುತ್ತಾ ಮಾತಿಗೂ ತುಟಿಗೂ ಹೊಂದಾಣಿಕೆ ತಪ್ಪಬಹುದು. ಮೊದಲು ಸ್ಥಿರ ವೇಗದ ಕಡತವನ್ನಾಗಿ ಮಾಡಿಕೊಂಡು ಅನಂತರ ಮುಂದುವರಿಯುವುದು ಕ್ಷೇಮ. ಚಿತ್ರೀಕರಣದ ಸಮಯದಲ್ಲಿಯೇ ಕ್ಯಾಮೆರಾವನ್ನು 25 ಅಥವಾ 50ಕ್ಕೆ ಹೊಂದಿಸಿದರೆ ಈ ತೊಂದರೆಯ ಬುಡವೇ ಇರುವುದಿಲ್ಲ.

ಕಾಲ ಮತ್ತು ಗುಣಮಟ್ಟದ ಲೆಕ್ಕ

ಒಂದೇ ಪದರದ ಡಿವಿಡಿಯ ಸಾಮರ್ಥ್ಯ 4.7 ಗಿಗಾಬೈಟ್ ಎಂದು ಮುದ್ರಿತವಾಗಿರುತ್ತದೆ. ವಿಂಡೋಸ್ ಕಂಪ್ಯೂಟರಿನಲ್ಲಿ ಅದೇ ಡಿಸ್ಕ್ 4.38 ಎಂದು ತೋರುತ್ತದೆ. ತಯಾರಕರು ಸಾವಿರದ ಲೆಕ್ಕದಲ್ಲಿಯೂ ಕಂಪ್ಯೂಟರ್ 1024ರ ಲೆಕ್ಕದಲ್ಲಿಯೂ ಎಣಿಸುವುದೇ ಇದಕ್ಕೆ ಕಾರಣ, ಮಾಲಿನಲ್ಲಿ ಕೊರತೆಯಿಲ್ಲ.

ಈ ಸ್ಥಳವನ್ನು ಚಿತ್ರದ ಅವಧಿಗೆ ಹಂಚಬೇಕು. ಒಂದು ಸೆಕೆಂಡಿಗೆ ದೊರೆಯುವ ಪಾಲೇ ‘ಬಿಟ್ ರೇಟ್’. ಅವಧಿ ಹೆಚ್ಚಿದಷ್ಟೂ ಪಾಲು ಕಡಿಮೆ, ಪಾಲು ಕಡಿಮೆಯಾದಷ್ಟೂ ಚಿತ್ರದ ಗುಣ ಕಡಿಮೆ. ಧ್ವನಿಗೆ 224 ಕಿಲೋಬಿಟ್ ಮತ್ತು ನೂರಕ್ಕೆ 4ರಷ್ಟು ಸ್ಥಳವನ್ನು ಬದಿಗಿರಿಸಿ ಲೆಕ್ಕ ಹಾಕಿದರೆ, ಚಿತ್ರಕ್ಕೆ ಉಳಿಯುವ ಪಾಲು ಹೀಗಿದೆ: ಒಂದೂವರೆ ಗಂಟೆಗೆ ಸೆಕೆಂಡಿಗೆ ಸುಮಾರು 6.5 ಮೆಗಾಬಿಟ್, ಎರಡು ಗಂಟೆಗೆ ಸುಮಾರು 4.8, ಮೂರು ಗಂಟೆಗೆ ಸುಮಾರು 3.1. ಒಂದು ಗಂಟೆಯ ಚಿತ್ರಕ್ಕೆ ಸ್ಥಳ ಧಾರಾಳವಾಗಿದ್ದರೂ ನಿಯಮದ ಪ್ರಕಾರ ಚಿತ್ರದ ಪಾಲು 9.8 ಮೆಗಾಬಿಟ್ ದಾಟುವಂತಿಲ್ಲ. ಬರೆದ ಡಿಸ್ಕುಗಳನ್ನು ಹಳೆಯ ಪ್ಲೇಯರ್‌ಗಳು ಓದುವಾಗ ತಡವರಿಸದಿರಲು 8ರ ಒಳಗೆ ಇರಿಸುವುದು ಜಾಣತನ.

ಎರಡು ಗಂಟೆಯವರೆಗಿನ ಚಿತ್ರ ಒಂದು ಡಿಸ್ಕಿನಲ್ಲಿ ಚೆನ್ನಾಗಿ ಕೂರುತ್ತದೆ. ಮೂರು ಗಂಟೆಯ ಮದುವೆಯನ್ನು ಒಂದೇ ಡಿಸ್ಕಿಗೆ ತುರುಕಿದರೆ ಮೆರವಣಿಗೆ, ಆರತಿ, ಅಕ್ಷತೆಯ ದೃಶ್ಯಗಳಲ್ಲಿ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಉಳಿಯುವುದು ಒಂದು ಖಾಲಿ ಡಿಸ್ಕಿನ ಬೆಲೆ. ಕಳೆಯುವುದು ಗ್ರಾಹಕರ ಮೆಚ್ಚುಗೆ. ಅಂತಹ ಚಿತ್ರವನ್ನು ಮುಹೂರ್ತ ಮತ್ತು ಆರತಕ್ಷತೆ ಎಂದು ಎರಡು ಡಿಸ್ಕುಗಳಿಗೆ ಹಂಚುವುದೇ ಸರಿಯಾದ ಮಾರ್ಗ. 8.5 ಗಿಗಾಬೈಟಿನ ಎರಡು ಪದರದ ಡಿಸ್ಕುಗಳೂ ಇವೆ. ಆದರೆ ಅವು ಬೆಳಕನ್ನು ಕಡಿಮೆ ಪ್ರತಿಫಲಿಸುವುದರಿಂದ ಕೆಲವು ಹಳೆಯ ಪ್ಲೇಯರ್‌ಗಳಲ್ಲಿ ತೊಂದರೆ ಕೊಡುತ್ತವೆ.

ಕೆಲಸದ ಕ್ರಮ

ಪರಿವರ್ತನೆಗೆ ದುಬಾರಿ ತಂತ್ರಾಂಶ ಬೇಕಿಲ್ಲ. ಡಿವಿಡಿ ಸ್ಟೈಲರ್ ಎಂಬ ಉಚಿತ ತಂತ್ರಾಂಶ ಕಡತವನ್ನು ಪರಿವರ್ತಿಸಿ, ಪರಿವಿಡಿಯನ್ನು ರಚಿಸಿ, ಡಿಸ್ಕ್ ಬರೆಯುವವರೆಗಿನ ಕೆಲಸವನ್ನು ಮಾಡುತ್ತದೆ. ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶದಲ್ಲಿ ಪಾಲ್ ಡಿವಿಡಿಗೆ ತಕ್ಕ ಅಳತೆಗಳೆಲ್ಲ ಒಂದೇ ಆದೇಶದಲ್ಲಿ ಅಡಗಿವೆ. ಹತ್ತಾರು ಕಡತಗಳನ್ನು ಒಮ್ಮೆಗೇ ಪರಿವರ್ತಿಸುವವರಿಗೆ ಅದು ಅನುಕೂಲ. ಹ್ಯಾಂಡ್‌ಬ್ರೇಕ್ ಎಂಬ ಜನಪ್ರಿಯ ತಂತ್ರಾಂಶವನ್ನು ಇದಕ್ಕಾಗಿ ಹುಡುಕಿ ಹೋಗುವವರಿದ್ದಾರೆ. ಅದು ಡಿವಿಡಿಯನ್ನು ಕಂಪ್ಯೂಟರ್ ಕಡತವಾಗಿ ಮಾಡುತ್ತದೆಯೇ ಹೊರತು ಕಡತವನ್ನು ಡಿವಿಡಿಯಾಗಿ ಮಾಡುವುದಿಲ್ಲ. ವಿಂಡೋಸ್ ವಿಸ್ಟಾ ಮತ್ತು ವಿಂಡೋಸ್ 7ರ ಕೆಲವು ಆವೃತ್ತಿಗಳೊಡನೆ ಬರುತ್ತಿದ್ದ ಡಿವಿಡಿ ಮೇಕರ್ ಸೌಲಭ್ಯವನ್ನು 2012ರ ವಿಂಡೋಸ್ 8ರಿಂದ ಕೈಬಿಡಲಾಯಿತು.

ಕೆಲಸವನ್ನು ಈ ಕ್ರಮದಲ್ಲಿ ನಡೆಸಬಹುದು.

1. ಮೂಲ ಕಡತದ ಅಳತೆ, ವೇಗ, ಅವಧಿಗಳನ್ನು ಗುರುತಿಸಿಕೊಳ್ಳುವುದು. ಅವಧಿಯನ್ನು ನೋಡಿ ಬಿಟ್ ರೇಟನ್ನೂ ಡಿಸ್ಕುಗಳ ಸಂಖ್ಯೆಯನ್ನೂ ನಿರ್ಧರಿಸುವುದು.

2. ಎಂಪೆಗ್-2ಕ್ಕೆ ಪರಿವರ್ತಿಸುವುದು. ಅಗಲ ಪರದೆಯ ಚಿತ್ರವಾದರೆ 16:9 ಎಂಬ ಗುರುತನ್ನು ತಪ್ಪದೆ ಹಾಕಬೇಕು. ಇಲ್ಲದಿದ್ದರೆ ವಧೂವರರು ಸಪೂರವಾಗಿ, ಉದ್ದವಾಗಿ ಕಾಣುತ್ತಾರೆ. ಫೋನನ್ನು ನೆಟ್ಟಗೆ ಹಿಡಿದು ತೆಗೆದ ಚಿತ್ರಕ್ಕೆ ಎಡಬಲಗಳಲ್ಲಿ ಕಪ್ಪು ಪಟ್ಟಿ ಬಿಡಬೇಕೇ ಹೊರತು ಎಳೆದು ಅಗಲಿಸಬಾರದು. ಹಳೆಯ ಡಿವಿ ಟೇಪಿನಿಂದ ಬಂದ ಚಿತ್ರವಾದರೆ ಗೆರೆಗಳ ಕ್ರಮ ಕೆಳಗಿನಿಂದ ಆರಂಭವಾಗುತ್ತದೆ ಎಂಬುದನ್ನು ತಂತ್ರಾಂಶಕ್ಕೆ ತಿಳಿಸಬೇಕು. ತಪ್ಪಿದರೆ ಚಲನೆ ನಡುಗುತ್ತದೆ.

3. ಅಧ್ಯಾಯಗಳನ್ನೂ ಪರಿವಿಡಿಯನ್ನೂ ರಚಿಸುವುದು. ಹಳೆಯ ಟಿವಿಗಳು ಚಿತ್ರದ ಅಂಚನ್ನು ಸ್ವಲ್ಪ ಕತ್ತರಿಸುವುದರಿಂದ ಹೆಸರು, ದಿನಾಂಕಗಳನ್ನು ಅಂಚಿನಿಂದ ಒಳಗೆ ಇರಿಸಬೇಕು. ಹಿರಿಯರಿಗಾಗಿ ತಯಾರಿಸುವ ಡಿಸ್ಕಿನಲ್ಲಿ ಪರಿವಿಡಿಯನ್ನೇ ಬಿಟ್ಟು, ಹಾಕಿದೊಡನೆ ಚಿತ್ರ ಆರಂಭವಾಗುವಂತೆ ಮಾಡುವುದು ಲೇಸು.

4. ಡಿಸ್ಕಿಗೆ ಬರೆಯುವ ಮೊದಲು ‘ವಿಡಿಯೋ-ಟಿಎಸ್’ ಕೋಶವನ್ನು ಕಂಪ್ಯೂಟರಿನಲ್ಲಿಯೇ ನಡೆಸಿ ನೋಡುವುದು. ತಪ್ಪು ಇಲ್ಲಿಯೇ ಸಿಕ್ಕಿದರೆ ಡಿಸ್ಕ್ ಹಾಳಾಗುವುದಿಲ್ಲ.

5. ಗರಿಷ್ಠ ವೇಗವನ್ನು ಬಿಟ್ಟು ಮಧ್ಯಮ ವೇಗದಲ್ಲಿ ಬರೆಯುವುದು, ‘ಫೈನಲೈಸ್’ ಮಾಡಿ ಮುಕ್ತಾಯಗೊಳಿಸುವುದು, ಬರೆದುದನ್ನು ಮೂಲದೊಡನೆ ತಾಳೆ ನೋಡುವುದು. ಮುಕ್ತಾಯಗೊಳಿಸದ ಡಿಸ್ಕ್ ಬರೆದ ಯಂತ್ರದಲ್ಲಿ ಓಡಿ ಬೇರೆ ಪ್ಲೇಯರಿನಲ್ಲಿ ಓಡದಿರಬಹುದು.

6. ಅಂಗಡಿಯಲ್ಲಿ ಹಳೆಯದೊಂದು ಪ್ಲೇಯರನ್ನು ಇರಿಸಿಕೊಂಡು ಪ್ರತಿಯೊಂದು ಡಿಸ್ಕನ್ನೂ ಅದರಲ್ಲಿ ಆರಂಭ, ಮಧ್ಯ, ಅಂತ್ಯಗಳಲ್ಲಿ ನೋಡುವುದು. ಕೊನೆಯ ಭಾಗವನ್ನು ನೋಡುವುದು ಮುಖ್ಯ, ಏಕೆಂದರೆ ಬರವಣಿಗೆಯ ದೋಷಗಳು ಡಿಸ್ಕಿನ ಹೊರ ಅಂಚಿನಲ್ಲಿ ಹೆಚ್ಚು. ಈ ಹತ್ತು ನಿಮಿಷಗಳ ಪರೀಕ್ಷೆ ಗ್ರಾಹಕರ ಎದುರಿನ ಒಂದು ಗಂಟೆಯ ವಾದವನ್ನು ತಪ್ಪಿಸುತ್ತದೆ.

ಯಂತ್ರದೊಡನೆ ನಿರ್ವಹಣೆಯ ವಿಡಿಯೋ ನೀಡುವ ಸಣ್ಣ ತಯಾರಕರಿಗೂ ಇದೇ ಕ್ರಮ ಅನ್ವಯಿಸುತ್ತದೆ. ಎಣ್ಣೆ ಹಾಕುವುದು, ಬೆಲ್ಟ್ ಬದಲಿಸುವುದು ಮೊದಲಾದ ಒಂದೊಂದು ಕೆಲಸಕ್ಕೂ ಒಂದೊಂದು ಅಧ್ಯಾಯ ಮಾಡಿದರೆ ಕಾರ್ಮಿಕರು ಬೇಕಾದುದನ್ನು ಕೂಡಲೇ ತಲುಪಬಹುದು. ಮೇಳಗಳ ಮಳಿಗೆಯಲ್ಲಿ ಮತ್ತೆ ಮತ್ತೆ ಓಡಬೇಕಾದ ಪ್ರದರ್ಶನ ಚಿತ್ರಕ್ಕೆ ಪುನರಾವರ್ತನೆಯ ಆದೇಶವನ್ನು ಡಿಸ್ಕಿನಲ್ಲಿಯೇ ಸೇರಿಸಬಹುದು.

ಡಿಸ್ಕಿನ ಆಯ್ಕೆ ಮತ್ತು ಜೋಪಾನ

ಹಳೆಯ ಪ್ಲೇಯರ್‌ಗಳಿಗೆ ಸಾಮಾನ್ಯವಾಗಿ ಡಿವಿಡಿ-ಆರ್ ಹೆಚ್ಚು ಹೊಂದುತ್ತದೆ. ಮತ್ತೆ ಮತ್ತೆ ಬರೆಯಬಲ್ಲ ಆರ್‌ಡಬ್ಲ್ಯು ಡಿಸ್ಕುಗಳು ಬೆಳಕನ್ನು ಕಡಿಮೆ ಪ್ರತಿಫಲಿಸುವುದರಿಂದ ಗ್ರಾಹಕರಿಗೆ ಕೊಡಲು ತಕ್ಕುವಲ್ಲ. ಅಂಗಡಿಯ ಪರೀಕ್ಷೆಗೆ ಮಾತ್ರ ಬಳಸಬಹುದು. ಕಾಗದದ ಚೀಟಿ ಅಂಟಿಸಿದರೆ ಡಿಸ್ಕ್ ತಿರುಗುವಾಗ ಸಮತೋಲ ತಪ್ಪುತ್ತದೆ, ಸೆಖೆಗೆ ಚೀಟಿ ಏಳುತ್ತದೆ. ಮುದ್ರಿಸಬಹುದಾದ ಮೇಲ್ಮೈಯುಳ್ಳ ಡಿಸ್ಕ್ ಅಥವಾ ಡಿಸ್ಕಿಗೆಂದೇ ಇರುವ ಮೃದು ಪೆನ್ನು ಒಳ್ಳೆಯದು. ಬರೆಯುವ ಡಿಸ್ಕಿನಲ್ಲಿ ದಾಖಲೆಯಾಗುವುದು ಬಣ್ಣದ ಒಂದು ತೆಳು ಪದರದ ಮೇಲೆ. ಬಿಸಿಲು ಮತ್ತು ಶಾಖ ಅದರ ಶತ್ರುಗಳು. ಡಿಸ್ಕನ್ನು ಟಿವಿಯ ಮೇಲೆ, ಕಾರಿನ ಮುಂಗಾಜಿನ ಬಳಿ ಇಡಬಾರದೆಂದು ಗ್ರಾಹಕರಿಗೆ ತಿಳಿಸಬೇಕು.

ಕಾನೂನಿನ ಮಾತು

1957ರ ಕೃತಿಸ್ವಾಮ್ಯ ಅಧಿನಿಯಮದ 17ನೆಯ ಪ್ರಕರಣದ ಪ್ರಕಾರ, ಹಣ ಪಡೆದು ಮತ್ತೊಬ್ಬರ ಕೋರಿಕೆಯ ಮೇರೆಗೆ ತಯಾರಿಸಿದ ಚಿತ್ರದ ಮೊದಲ ಒಡೆತನ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಕೋರಿದವರದೇ. ಮದುವೆಯ ದೃಶ್ಯಗಳನ್ನು ಸ್ಟುಡಿಯೋದ ಜಾಹೀರಾತಿಗೆ ಬಳಸಬೇಕಾದರೆ ಲಿಖಿತ ಒಪ್ಪಿಗೆ ಪಡೆಯುವುದು ಅವಶ್ಯಕ.

ಹಿನ್ನೆಲೆಗೆ ಚಲನಚಿತ್ರ ಗೀತೆಗಳನ್ನು ಸೇರಿಸುವ ರೂಢಿಯ ಬಗ್ಗೆಯೂ ಎಚ್ಚರ ಬೇಕು. ಮದುವೆಯ ಸಮಾರಂಭದಲ್ಲಿ ಹಾಡನ್ನು ನುಡಿಸಲು 52ನೆಯ ಪ್ರಕರಣ ವಿನಾಯಿತಿ ನೀಡಿದೆ. ಆ ವಿನಾಯಿತಿ ಹೇಳುವುದು ಪ್ರದರ್ಶನದ ವಿಷಯವನ್ನು; ಹಾಡನ್ನು ಡಿಸ್ಕಿಗೆ ಸೇರಿಸಿ ಮಾರುವ ವಿಷಯವನ್ನಲ್ಲ. ಸಿನಿಮಾ ಡಿವಿಡಿಗಳ ಬೀಗ ಒಡೆದು ಪ್ರತಿ ಮಾಡಿಕೊಡುವ ಕೆಲಸವನ್ನಂತೂ ಒಪ್ಪಿಕೊಳ್ಳಲೇಬಾರದು. ಕೃತಿಸ್ವಾಮ್ಯ ಉಲ್ಲಂಘನೆಗೆ 63ನೆಯ ಪ್ರಕರಣದಲ್ಲಿ 6 ತಿಂಗಳಿನಿಂದ 3 ವರ್ಷದವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡದ ಅವಕಾಶವಿದೆ.

ಮೂಲ ಕಡತವೇ ಮೂಲಧನ

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಅಂಶ. ಪೂರ್ಣ ಎಚ್‌ಡಿ ಚಿತ್ರದಲ್ಲಿ 1920 × 1080, ಅಂದರೆ 20,73,600 ಬಿಂದುಗಳಿರುತ್ತವೆ. ಪಾಲ್ ಡಿವಿಡಿಯಲ್ಲಿ ಇರುವುದು 4,14,720. ಸರಿಯಾಗಿ ಐದರಲ್ಲಿ ಒಂದು ಪಾಲು. ಮೂಲ ಚಿತ್ರ 4ಕೆ ಅಳತೆಯದಾದರೆ ಡಿವಿಡಿಗೆ ಬರುವುದು ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ. ಹೀಗೆ ಕಳೆದುಹೋದುದನ್ನು ಯಾವ ತಂತ್ರಾಂಶವೂ ಡಿವಿಡಿಯಿಂದ ಯಥಾವತ್ತಾಗಿ ಮರಳಿ ತರಲಾರದು.

ಡಿವಿಡಿ ಎಂಬುದು ನೋಡುವ ಪ್ರತಿ, ಕಾಯ್ದಿಡುವ ಪ್ರತಿಯಲ್ಲ. ಡಿಸ್ಕ್ ಕೊಟ್ಟ ವಾರವೇ ಹಾರ್ಡ್ ಡಿಸ್ಕಿನ ಸ್ಥಳ ಉಳಿಸಲು ಮೂಲವನ್ನು ಅಳಿಸಿಬಿಡುವ ಸ್ಟುಡಿಯೋ, ಇಪ್ಪತ್ತು ಮೂಟೆ ಮಾಲಿನಲ್ಲಿ ಹತ್ತೊಂಬತ್ತನ್ನು ಸುಟ್ಟು ಒಂದನ್ನು ಗ್ರಾಹಕರಿಗೆ ಕೊಟ್ಟಂತೆ. ಆ ಚಿತ್ರದಲ್ಲಿ ಆಶೀರ್ವದಿಸುತ್ತಿರುವ ಅಜ್ಜ, ಅಜ್ಜಿಯರು ಮುಂದಿನ ವರ್ಷ ಇರದೆ ಹೋಗಬಹುದು. ಮದುವೆಯನ್ನು ಮತ್ತೊಮ್ಮೆ ಚಿತ್ರೀಕರಿಸಲಾಗದು. ಆದುದರಿಂದ ಡಿವಿಡಿಯೊಡನೆ ಮೂಲ ಅಳತೆಯ ಕಡತವನ್ನು ಪೆನ್‌ಡ್ರೈವ್ ಅಥವಾ ಹಾರ್ಡ್ ಡಿಸ್ಕಿನಲ್ಲಿ ಗ್ರಾಹಕರಿಗೆ ಒಪ್ಪಿಸಿ, ಎರಡು ಕಡೆ ಕಾಪಿಡುವಂತೆ ತಿಳಿಸಬೇಕು.

ರಸೀದಿಯಲ್ಲಿ ನಾಲ್ಕು ಸಾಲು ಸೇರಿಸಿದರೆ ಇಬ್ಬರಿಗೂ ಕ್ಷೇಮ: ಡಿಸ್ಕಿನ ಪದ್ಧತಿ ಪಾಲ್ ಅಥವಾ ಎನ್‌ಟಿಎಸ್‌ಸಿ, ಪ್ಲೇಯರಿನಲ್ಲಿ ಪರೀಕ್ಷಿಸಿದ ದಿನಾಂಕ, ಮೂಲ ಕಡತವನ್ನು ಒಪ್ಪಿಸಿದ ಬಗ್ಗೆ ಗ್ರಾಹಕರ ಸಹಿ, ಅಂಗಡಿಯಲ್ಲಿ ಪ್ರತಿಯನ್ನು ಎಷ್ಟು ತಿಂಗಳು ಇರಿಸಲಾಗುವುದು ಎಂಬ ಅವಧಿ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಅಡಿಯಲ್ಲಿ ಸೇವಾ ನ್ಯೂನತೆಯ ದೂರು ಬಂದಾಗ ಈ ನಾಲ್ಕು ಸಾಲುಗಳೇ ಆಧಾರವಾಗುತ್ತವೆ. ದೂರು ಬಾರದಿದ್ದರೂ, ಕೊಟ್ಟ ಮಾಲು ಮನೆಯಲ್ಲಿ ಓಡಿತೆಂಬ ತೃಪ್ತಿ ಗ್ರಾಹಕರನ್ನು ಮುಂದಿನ ಶುಭಕಾರ್ಯಕ್ಕೂ ಅದೇ ಅಂಗಡಿಗೆ ಕರೆತರುತ್ತದೆ.